ಕೋವಿಡ್ ಕಾಲದ ಮಂಡಿ, ಸೊಂಟದ ಆಪರೇಷನ್: ಯಾರಿಗೆ ಮೊದಲು, ಯಾರಿಗೆ ಆಮೇಲೆ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಯೊಂದರ ಮೂಳೆ ವಿಭಾಗದಲ್ಲಿ ಫಿಸಿಯೋಥೆರಪಿಸ್ಟ್. ಕೋವಿಡ್‌ನಿಂದ ಮಂಡಿಯ, ಸೊಂಟದ (ತೊಡೆಮೂಳೆ ಕೂರುವ) ಕೀಲು ಬದಲಿಸುವ ಆಪರೇಷನ್‌ಗಳು ನಿಂತಾಗ ವೇಟಿಂಗ್ ಲಿಸ್ಟಿನಲ್ಲಿದ್ದವರಿಗೆ ಫೋನ್ ಮಾಡಿ ವಿಚಾರಿಸುವ ಕೆಲಸ ನನ್ನ ಪಾಲಿಗೂ ಬಂತು. ಆಗ ಶುರುವಾದ ಪ್ರಶ್ನೆಗಳು ಇನ್ನೂ ನಿಂತಿಲ್ಲ. ಇಲ್ಲಿನ ಕನ್ನಡದ ಮನೆಗಳವರೂ ಕೇಳುತ್ತಾರೆ, ಊರಿನ ನೆಂಟರೂ ಕೇಳುತ್ತಾರೆ. ಒಳಗಿನಿಂದ ನಾನು ಕಂಡದ್ದು ಎನ್‌ಎಚ್‌ಎಸ್, ಅಂದರೆ ಇಲ್ಲಿನ ಸರ್ಕಾರಿ ಆರೋಗ್ಯ ವ್ಯವಸ್ಥೆ, ಹಾಗಾಗಿ ಹೆಚ್ಚಿನ ಮಾತು ಅದರದ್ದೇ. ಕರ್ನಾಟಕದ ವಿಷಯ ಕೊನೆಯ ಕಡೆ ಬರುತ್ತದೆ. ನಿಮ್ಮ ಕಾಲಿನ ತೀರ್ಮಾನ ಮಾತ್ರ ನಿಮ್ಮ ಡಾಕ್ಟರ ಜೊತೆಗೇ ಆಗಬೇಕು.

ಆಪರೇಷನ್ ಬೇಕೇ ಬೇಕು ಅಂದ ಡಾಕ್ಟರೇ ಆಮೇಲೆ "ಕಾಯಬಹುದು" ಅಂದರಲ್ಲ, ಇದರಲ್ಲಿ ಯಾವುದು ನಿಜ?

ಎರಡೂ ನಿಜ. ಮೊದಲನೆಯದು ನಿಮ್ಮ ಮಂಡಿ ನೋಡಿ ಹೇಳಿದ್ದು. ಎರಡನೆಯದು ಆಸ್ಪತ್ರೆಯ ಹಾಸಿಗೆ ಲೆಕ್ಕ ನೋಡಿ ಹೇಳಿದ್ದು. ಆಸ್ಪತ್ರೆ ರೋಗಿಗಳಿಗೆ ಕಳಿಸಿದ ಪತ್ರದಲ್ಲಿ "ಕಾಯಬಹುದು" ಅಂತ ಇತ್ತು. ನನ್ನನ್ನು ಕೇಳಿದ್ದರೆ "ಕಾಯಿಸಬಹುದು" ಅಂತ ಬರೆಯಿರಿ ಅನ್ನುತ್ತಿದ್ದೆ. ಕಾಯಬಹುದು ಅಂದರೆ ಕಾಯುವವರಿಗೆ ಏನೂ ಆಗುವುದಿಲ್ಲ ಅನ್ನುವ ಅರ್ಥ ಬರುತ್ತದೆ. ಕಾಯಿಸಬಹುದು ಅಂದರೆ, ಕಾಯಿಸಿದರೆ ಸಾಯುವುದಿಲ್ಲ ಅನ್ನುವಷ್ಟೇ ಅರ್ಥ. ಆ ಪತ್ರ ಹೇಳಲು ಹೊರಟದ್ದು ಎರಡನೆಯದನ್ನು, ಜನ ಓದಿಕೊಂಡದ್ದು ಮೊದಲನೆಯದನ್ನು. "ನನ್ನದೇನು ಅಂಥ ದೊಡ್ಡ ಕಾಯಿಲೆ ಅಲ್ಲವಂತೆ" ಅಂತ ಎಷ್ಟೋ ಜನ ಫೋನಿನಲ್ಲಿ ಹೇಳಿಕೊಂಡರು.

ಮೂಳೆ ಡಾಕ್ಟರು ಕೋವಿಡ್ ನೋಡುವವರಲ್ಲ. ಮತ್ತೆ ಮೂಳೆ ಆಪರೇಷನ್ ನಿಲ್ಲಿಸಿದ್ದೇಕೆ?

ಸರ್ಜನ್ ಒಬ್ಬರಿಂದ ಆಪರೇಷನ್ ಆಗುವುದಿಲ್ಲ. ಅರಿವಳಿಕೆ ಡಾಕ್ಟರು ಬೇಕು, ಎಚ್ಚರ ಬರುವವರೆಗೆ ನೋಡಿಕೊಳ್ಳುವ ನರ್ಸ್ ಬೇಕು, ಆಮೇಲೆ ವಾರ್ಡು ಬೇಕು. ಉಸಿರಿನ ಕೊಳವೆ ಹಾಕಿ ವೆಂಟಿಲೇಟರ್ ನಡೆಸಲು ಬಲ್ಲವರು ಈ ಅರಿವಳಿಕೆಯ ಡಾಕ್ಟರುಗಳೇ ಆದ್ದರಿಂದ ಅವರೆಲ್ಲ ಐಸಿಯುಗೆ ಹೋದರು. ಆಪರೇಷನ್ ಕೋಣೆಯ ಅರಿವಳಿಕೆ ಯಂತ್ರಗಳೂ ಕೆಲವು ಕಡೆ ವೆಂಟಿಲೇಟರ್‌ಗಳಾದವು. ಸೀನಿಯರ್ ಫಿಸಿಯೋಗಳು ಕೋವಿಡ್ ರೋಗಿಗಳನ್ನು ಬೋರಲು ಮಲಗಿಸುವ ತಂಡಗಳಿಗೆ ಸೇರಿಕೊಂಡರು. ಉಳಿದ ನಮಗೆ ಫೋನ್ ಸಿಕ್ಕಿತು.

2020ರ ಮಾರ್ಚ್ 17ರಂದು ಎನ್‌ಎಚ್‌ಎಸ್ ಮುಖ್ಯಸ್ಥ ಸೈಮನ್ ಸ್ಟೀವನ್ಸ್ ಅವರಿಂದ ಆಸ್ಪತ್ರೆಗಳಿಗೆ ಪತ್ರ ಬಂತು. ತುರ್ತಲ್ಲದ ಆಪರೇಷನ್‌ಗಳನ್ನೆಲ್ಲ ಏಪ್ರಿಲ್ 15ರ ಹೊತ್ತಿಗೆ, ಕನಿಷ್ಠ ಮೂರು ತಿಂಗಳ ಮಟ್ಟಿಗೆ ನಿಲ್ಲಿಸಲು ತಯಾರಾಗಿ ಅಂತ. ಕೆಲವೇ ದಿನಗಳಲ್ಲಿ ಖಾಸಗಿ ಆಸ್ಪತ್ರೆಗಳ ಸುಮಾರು 8,000 ಹಾಸಿಗೆಗಳನ್ನೂ ಎನ್‌ಎಚ್‌ಎಸ್ ಕಾದಿರಿಸಿಕೊಂಡಿತು. ಹಾಗಾಗಿ ದುಡ್ಡು ಕೊಟ್ಟು ಮಾಡಿಸಿಕೊಳ್ಳುವ ದಾರಿಯೂ ಆಗ ಮುಚ್ಚಿತು.

ಇನ್ನೊಂದು ಕಾರಣ ಮಂಡಿ ಆಪರೇಷನ್ನಿನಲ್ಲೇ ಇದೆ. ಅದು ಗರಗಸ, ಡ್ರಿಲ್ಲು, ಸುತ್ತಿಗೆಗಳ ಕೆಲಸ. ರಕ್ತ ಮತ್ತು ಮೂಳೆಯ ಸಣ್ಣ ಹನಿಗಳು ಗಾಳಿಗೆ ಹಾರುತ್ತವೆ. ಸೋಂಕು ಹೇಗೆ ಹರಡುತ್ತದೆ ಅನ್ನುವುದೇ ಸ್ಪಷ್ಟವಿಲ್ಲದ ಆ ಮೊದಲ ತಿಂಗಳುಗಳಲ್ಲಿ ಅದೂ ಒಂದು ಭಯವಾಗಿತ್ತು.

ಆಸ್ಪತ್ರೆಯಿಂದ ನನಗೆ ಬಂದ ಪತ್ರದಲ್ಲಿ "ಪಿ 4" ಅಂತಿತ್ತು. ಏನದು?

ಸರದಿಯ ದರ್ಜೆ. 2020ರ ಏಪ್ರಿಲ್‌ನಲ್ಲಿ ಇಲ್ಲಿನ ಸರ್ಜನ್ನರ ಸಂಘಗಳು ಸೇರಿ ಎಲ್ಲ ಬಗೆಯ ಆಪರೇಷನ್‌ಗಳಿಗೂ ದರ್ಜೆ ಕಟ್ಟಿದವು. ಪಿ 1 ಅಂದರೆ ತುರ್ತು. ಅದರಲ್ಲೂ ಎರಡು ಬಗೆ: 24 ಗಂಟೆಯೊಳಗೆ ಆಗಬೇಕಾದದ್ದು, 72 ಗಂಟೆಯೊಳಗೆ ಆಗಬೇಕಾದದ್ದು. ಪಿ 2 ಒಂದು ತಿಂಗಳೊಳಗೆ, ಪಿ 3 ಮೂರು ತಿಂಗಳೊಳಗೆ. ಪಿ 4 ಅಂದರೆ ಮೂರು ತಿಂಗಳಿಗಿಂತ ಹೆಚ್ಚು ಮುಂದೂಡಬಹುದಾದದ್ದು. ಸವೆದ ಮಂಡಿ, ಸವೆದ ಸೊಂಟದ ಕೀಲು ಬಹುಪಾಲು ಬಿದ್ದದ್ದು ಇದರಲ್ಲೇ.

ಇಲ್ಲೊಂದು ಗಮನಿಸಿ. ಮೊದಲ ಮೂರು ದರ್ಜೆಗಳಿಗೂ "ಇಷ್ಟರೊಳಗೆ" ಅನ್ನುವ ಗಡುವಿದೆ. ನಾಲ್ಕನೆಯದಕ್ಕೆ ಇಲ್ಲ. ಮೂರು ತಿಂಗಳಿಗಿಂತ ಹೆಚ್ಚು ಅಂದರೆ ನಾಲ್ಕು ತಿಂಗಳೂ ಆಗುತ್ತದೆ, ನಾಲ್ಕು ವರ್ಷವೂ ಆಗುತ್ತದೆ. ತುರ್ತಿನಲ್ಲಿ ಜೀವ ಉಳಿಸಲು ಮಾಡಿದ ಪಟ್ಟಿ ಅದು, ಆ ಕೆಲಸವನ್ನು ಚೆನ್ನಾಗಿಯೇ ಮಾಡಿತು. ಅದನ್ನೇ ವರ್ಷಗಟ್ಟಲೆ ಸರದಿಗೂ ಬಳಸಿದ್ದು ತಪ್ಪು ಅಂತ ನನ್ನ ಅನಿಸಿಕೆ.

ಹಾಗಾದರೆ ಕೀಲು ಬದಲಾವಣೆ ಯಾರಿಗೂ ಆಗಲೇ ಇಲ್ಲವೇ?

ಆಯಿತು. ಬಿದ್ದು ತೊಡೆಮೂಳೆಯ ಕುತ್ತಿಗೆ (ಸೊಂಟದ ಕೀಲಿನ ಹತ್ತಿರದ ಸಣ್ಣ ಭಾಗ) ಮುರಿದುಕೊಂಡವರಿಗೆ ಆಪರೇಷನ್ ನಿಲ್ಲಲೇ ಇಲ್ಲ. ಅದರಲ್ಲಿ ಅನೇಕರಿಗೆ ಹಾಕುವುದು ಅರ್ಧ ಕೃತಕ ಕೀಲು. ಹಿಂದೆ ಹಾಕಿದ ಕೃತಕ ಕೀಲಿಗೆ ಕೀವು ಹತ್ತಿದವರು, ಅದರ ಸುತ್ತಲಿನ ಮೂಳೆ ಮುರಿದುಕೊಂಡವರು, ಕೀಲು ಪದೇ ಪದೇ ಕಳಚಿಕೊಳ್ಳುವವರು ಕೂಡ ಮುಂದೆ ಹೋದರು. ತೊಡೆಮೂಳೆಯ ಮೇಲ್ತುದಿಯ ಗುಂಡಗಿನ ಭಾಗಕ್ಕೆ ರಕ್ತ ಹೋಗುವುದು ನಿಂತು ಅದು ಕುಸಿಯುತ್ತಿರುವವರನ್ನು, ಸಡಿಲವಾದ ಕೀಲು ಒಳಗಿಂದ ಮೂಳೆಯನ್ನು ತಿನ್ನುತ್ತಿರುವವರನ್ನು ಒಂದು ದರ್ಜೆ ಮೇಲಕ್ಕೆ ತರಲು ಸರ್ಜನ್ನರು ಹೋರಾಡಿದ್ದನ್ನು ನೋಡಿದ್ದೇನೆ. ತಡ ಮಾಡಿದಷ್ಟೂ ಮೂಳೆ ಕಡಿಮೆಯಾಗುತ್ತದೆ, ಆಮೇಲೆ ಹೊಸ ಕೀಲು ಕೂರಿಸಲು ಜಾಗವೇ ಉಳಿಯುವುದಿಲ್ಲ.

ಆದರೂ ಇಂಗ್ಲೆಂಡು, ವೇಲ್ಸ್‌ಗಳಲ್ಲಿ 2003ರಿಂದ ಪ್ರತಿ ಕೃತಕ ಕೀಲನ್ನೂ ದಾಖಲಿಸುತ್ತಿರುವ ರಾಷ್ಟ್ರೀಯ ನೋಂದಣಿಯಲ್ಲಿ 2020ರ ಸಂಖ್ಯೆ ಹಿಂದಿನ ವರ್ಷದ ಸುಮಾರು ಅರ್ಧಕ್ಕೆ ಇಳಿಯಿತು.

ನೋವು ಜಾಸ್ತಿ ಇದ್ದವರಿಗೆ ಮೊದಲು ಮಾಡಬಹುದಿತ್ತಲ್ಲವೇ?

ನನ್ನನ್ನು ಹೆಚ್ಚು ಕಾಡಿದ ಪ್ರಶ್ನೆ ಇದೇ. ನೋವನ್ನು ಅಳೆಯುವ ಸಾಧನ ನಮ್ಮ ಕೈಯಲ್ಲಿ ಇಲ್ಲದೆ ಏನಿರಲಿಲ್ಲ. ಆಕ್ಸ್‌ಫರ್ಡ್ ಸ್ಕೋರ್ ಅಂತ ಒಂದಿದೆ. ಮಂಡಿಗೆ ಹನ್ನೆರಡು ಪ್ರಶ್ನೆ, ಸೊಂಟದ ಕೀಲಿಗೆ ಹನ್ನೆರಡು, ಒಟ್ಟು 48 ಅಂಕ. ಅಂಕ ಕಡಿಮೆಯಾದಷ್ಟೂ ಸ್ಥಿತಿ ಕೆಟ್ಟದ್ದು. ಕಾಲುಚೀಲ ಹಾಕಿಕೊಳ್ಳಲು ಆಗುತ್ತದೆಯೇ? ಅಂಗಡಿಗೆ ಒಬ್ಬರೇ ಹೋಗಿ ಸಾಮಾನು ತರುತ್ತೀರಾ? ರಾತ್ರಿ ನೋವಿಗೆ ಎಚ್ಚರವಾಗುತ್ತದೆಯೇ? ಇಂಥ ಸಾದಾ ಪ್ರಶ್ನೆಗಳೇ.

ಒಬ್ಬ ಅಜ್ಜಿ ನೆನಪಾಗುತ್ತಾರೆ. ದಾವಣಗೆರೆ ಕಡೆಯವರು, ಮಗನ ಮನೆಯಲ್ಲಿ ಎಷ್ಟೋ ವರ್ಷದಿಂದ ಇಲ್ಲೇ ಇದ್ದವರು. ಕನ್ನಡದವರು ಅಂತ ಅವರ ಫೈಲು ನನಗೆ ಬಂತು. "ಹೇಗಿದೀರಿ ಅಜ್ಜೀ?" ಅಂದೆ. "ಏನ್ ಪರವಾಗಿಲ್ಲಮ್ಮಾ, ನಡೀತೈತಿ" ಅಂದರು. ಹಾಳೆಯ ಮೇಲೆ ಅದಕ್ಕೆ ಒಳ್ಳೆಯ ಅಂಕವೇ ಬೀಳಬೇಕು. ಸುಮ್ಮನೆ "ಊಟಕ್ಕೆ ಕೆಳಗೆ ಬರ್ತೀರಾ, ಮೇಲಕ್ಕೇ ತಂದುಕೊಡ್ತಾರಾ?" ಅಂತ ಕೇಳಿದೆ. ದಿನಕ್ಕೊಂದು ಸಲ ಬರುತ್ತಾರಂತೆ. ಹೇಗೆ? ಮೆಟ್ಟಿಲ ಮೇಲೆ ಕೂತು, ಒಂದೊಂದೇ ಮೆಟ್ಟಿಲು ಜಾರಿಕೊಂಡು. ಹತ್ತುವಾಗ ಹಿಂದುಮುಂದಾಗಿ ಕೂತೇ ಹತ್ತುತ್ತಾರೆ. ನೀರು ಕುಡಿದರೆ ಬಚ್ಚಲಿಗೆ ಹೋಗಬೇಕಾಗುತ್ತದೆ ಅಂತ ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದರು. ಇದಕ್ಕೆ ಅವರು ಕೊಟ್ಟ ಹೆಸರು "ಪರವಾಗಿಲ್ಲ".

ಇಂಥವರು ಅವರೊಬ್ಬರೇ ಅಲ್ಲ. ಬ್ರಿಟನ್ನಿನ ಹತ್ತು ಆಸ್ಪತ್ರೆಗಳಲ್ಲಿ ಕಾಯುತ್ತಿದ್ದವರನ್ನು ವಿಚಾರಿಸಿದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಬದುಕಿನ ಗುಣಮಟ್ಟ ಅಳೆಯುವ ಅದರ ಮಾಪಕದಲ್ಲಿ ಸೊನ್ನೆ ಅಂದರೆ ಸಾವಿಗೆ ಸಮ, ಸೊನ್ನೆಗಿಂತ ಕೆಳಗೆ ಅಂದರೆ ಸಾವಿಗಿಂತ ಕಡೆ. ಸೊಂಟದ ಕೀಲಿಗೆ ಕಾಯುತ್ತಿದ್ದವರಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಜನ, ಮಂಡಿಗೆ ಕಾಯುತ್ತಿದ್ದವರಲ್ಲಿ ಹತ್ತಿರ ಹತ್ತಿರ ಕಾಲು ಭಾಗ ಸೊನ್ನೆಗಿಂತ ಕೆಳಗಿದ್ದರು. ಇವರ ದರ್ಜೆ? ಬಹುಪಾಲು ಪಿ 4.

ಅಂದರೆ ಪಿ 4ರ ಒಳಗೇ ಇನ್ನೊಂದು ಸರದಿ ಬೇಕಿತ್ತು: ಎಷ್ಟು ದಿನ ಕಾದಿದ್ದಾರೆ, ಎಷ್ಟು ಕುಗ್ಗಿದ್ದಾರೆ, ಮನೆಯಲ್ಲಿ ಯಾರಿದ್ದಾರೆ, ಕೆಲಸ ಹೋಗುತ್ತದೆಯೇ. ಕೆಲವು ಆಸ್ಪತ್ರೆಗಳು ಅದನ್ನು ಮಾಡಿಕೊಂಡವು, ಕೆಲವು ಮಾಡಲಿಲ್ಲ. ಅಜ್ಜಿಯ ವಿವರ ಬರೆದು ಕಳಿಸಿದ ಮೇಲೆ ಅವರನ್ನು ಪಿ 3ಕ್ಕೆ ಏರಿಸಿದರು. ನಾನು ಅವತ್ತು ಊಟದ ವಿಷಯ ಎತ್ತದೆ ಫೋನ್ ಇಟ್ಟಿದ್ದರೆ ಅವರು ಹಾಗೇ ಮೆಟ್ಟಿಲು ಜಾರುತ್ತಿದ್ದರು.

ನನಗಿಂತ ಆಮೇಲೆ ಹೆಸರು ಕೊಟ್ಟವರಿಗೆ ಮೊದಲು ಆಯಿತು. ವಶೀಲಿ ನಡೆಯಿತೇ?

ಇಲ್ಲ, ಆದರೆ ನಿಮ್ಮ ಸಿಟ್ಟು ಸುಳ್ಳಲ್ಲ. ಆಪರೇಷನ್‌ಗಳು ಮತ್ತೆ ಶುರುವಾದಾಗ ಮೊದಲು ತೆರೆದದ್ದು ಕೋವಿಡ್ ರೋಗಿಗಳಿಲ್ಲದ, ಐಸಿಯು ಕೂಡ ಇಲ್ಲದ ಚಿಕ್ಕ ಕೇಂದ್ರಗಳು. ಐಸಿಯು ಇಲ್ಲದ ಕಡೆ ಹೃದಯದ ತೊಂದರೆ, ಹತೋಟಿಗೆ ಬಾರದ ಸಕ್ಕರೆ ಕಾಯಿಲೆ ಇದ್ದವರಿಗೆ ಆಪರೇಷನ್ ಮಾಡುವುದಿಲ್ಲ. ಹೀಗಾಗಿ ಗಟ್ಟಿಮುಟ್ಟಾಗಿದ್ದವರಿಗೆ ಬೇಗ ಆಯಿತು, ಬೇರೆ ಕಾಯಿಲೆಗಳೂ ಇದ್ದವರು ದೊಡ್ಡ ಆಸ್ಪತ್ರೆ ತೆರೆಯುವವರೆಗೆ ಕೂತರು. ಇದನ್ನು ಯಾರೂ ಬೇಕೆಂದು ಮಾಡಲಿಲ್ಲ, ಆದರೆ ಸರಿ ಮಾಡಲು ಬೇಕಾದಷ್ಟು ಯೋಚನೆಯನ್ನೂ ಮಾಡಲಿಲ್ಲ.

ವಯಸ್ಸಾಗಿದೆ ಅಂತ ಹಿಂದಕ್ಕೆ ಸರಿಸಿದರೇ?

ವಯಸ್ಸೊಂದನ್ನೇ ನೋಡಿ ಹಿಂದೆ ಹಾಕುವ ನಿಯಮ ಇರಲಿಲ್ಲ. ಅಪಾಯದ ಲೆಕ್ಕ ಮಾತ್ರ ಇತ್ತು. 2020ರ ಮೇ ತಿಂಗಳಲ್ಲಿ 24 ದೇಶಗಳ 235 ಆಸ್ಪತ್ರೆಗಳ ವರದಿಯೊಂದು ಬಂತು. ಆಪರೇಷನ್ನಿನ ಆಸುಪಾಸಿನಲ್ಲಿ ಕೋವಿಡ್ ತಗುಲಿದ 1,128 ರೋಗಿಗಳಲ್ಲಿ ತಿಂಗಳೊಳಗೆ ಸತ್ತವರು 23.8%. ಅರ್ಧಕ್ಕಿಂತ ಹೆಚ್ಚು ಜನರಿಗೆ ಶ್ವಾಸಕೋಶದ ತೊಡಕು. ಅದರಲ್ಲಿ ಹೆಚ್ಚಿನವು ತುರ್ತು ಆಪರೇಷನ್‌ಗಳು ಅನ್ನುವುದನ್ನು ಮರೆಯಬಾರದು. ಆದರೂ ಎಪ್ಪತ್ತು ದಾಟಿದವರಿಗೆ ಅಪಾಯ ಹೆಚ್ಚೆಂದು ಅದರಲ್ಲಿ ಸ್ಪಷ್ಟವಾಗಿತ್ತು. ಆ ವರದಿ ಓದಿದ ವಾರ ಎಪ್ಪತ್ತೆಂಟರ ಒಬ್ಬರಿಗೆ "ಬನ್ನಿ, ಮಂಡಿ ಬದಲಾಯಿಸೋಣ" ಅನ್ನುವ ಧೈರ್ಯ ಯಾವ ಸರ್ಜನ್ನಿಗೆ ಬಂದೀತು? ಲಸಿಕೆ ಬಂದಮೇಲೆ ಚಿತ್ರ ಬದಲಾಯಿತು.

ಕೋವಿಡ್ ಬಂದು ವಾಸಿಯಾದ ಮೇಲೆ ಎಷ್ಟು ದಿನ ಬಿಡಬೇಕು?

ಆಗ ಹೇಳಿದ್ದು ಏಳು ವಾರ. 116 ದೇಶಗಳ 1,40,231 ರೋಗಿಗಳ ಲೆಕ್ಕದಲ್ಲಿ, ಸೋಂಕಾಗಿ ಆರು ವಾರದೊಳಗೆ ಆಪರೇಷನ್ ಆದವರ ಸಾವಿನ ಪ್ರಮಾಣ ಸೋಂಕೇ ಆಗದವರ ಎರಡು ಪಟ್ಟಿಗಿಂತ ಹೆಚ್ಚಿತ್ತು. ಏಳು ವಾರ ಕಳೆದರೆ ಸಮವಾಗುತ್ತಿತ್ತು, ಕೆಮ್ಮು ದಮ್ಮು ಉಳಿದಿದ್ದರೆ ಮಾತ್ರ ಇಲ್ಲ. ಲಸಿಕೆಯ ಕಾಲದಲ್ಲಿ ಇದನ್ನು ಸಡಿಲಿಸಿ, ಒಬ್ಬೊಬ್ಬರ ಅಪಾಯ ನೋಡಿ ತೀರ್ಮಾನಿಸುತ್ತಾರೆ.

ಹೆದರಿಕೆಯಿಂದ ನಾನೇ "ಈಗ ಬೇಡ" ಅಂದಿದ್ದೆ. ಸರದಿ ತಪ್ಪಿತೇ?

ತಪ್ಪಬಾರದು. ಕೋವಿಡ್ ಭಯಕ್ಕೆ ಮುಂದೂಡಿದವರಿಗೆಂದೇ ಪಿ 5 ಅಂತ ಗುರುತು ಮಾಡಿದ್ದರು, ಬೇರೆ ಕಾರಣಕ್ಕೆ ಮುಂದೂಡಿದವರಿಗೆ ಪಿ 6. ಪಟ್ಟಿಯಲ್ಲಿ ಹೆಸರು ಇರುತ್ತದೆ, ಆಗಾಗ ವಿಚಾರಿಸಬೇಕು ಅನ್ನುವುದು ಉದ್ದೇಶ.

ಕಾಯುವಷ್ಟು ದಿನ ಏನು ಮಾಡಲಿ?

ಮೊದಲು ಕೋಲು ಸರಿಯಾಗಿ ಹಿಡಿಯಿರಿ. ಹತ್ತರಲ್ಲಿ ಏಳು ಜನ ನೋವಿನ ಕಾಲಿನ ಕಡೆಯ ಕೈಯಲ್ಲೇ ಹಿಡಿದಿರುತ್ತಾರೆ (ಇದು ನನ್ನ ಕಣ್ಣಂದಾಜು, ಅಧ್ಯಯನವಲ್ಲ). ಎಡಮಂಡಿ ನೋವಾದರೆ ಕೋಲು ಬಲಗೈಗೆ ಬರಬೇಕು, ಎಡಗಾಲಿನ ಜೊತೆಗೇ ಮುಂದೆ ಹೋಗಬೇಕು. ಎತ್ತರ ನೋಡಲು ಚಪ್ಪಲಿ ಹಾಕಿ ನೇರ ನಿಂತು ಕೈ ಇಳಿಬಿಡಿ, ಕೋಲಿನ ಹಿಡಿ ನಿಮ್ಮ ಮಣಿಕಟ್ಟಿನ ಗೆರೆಗೆ ಬಂದರೆ ಸರಿ. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು.

ನೆಲದ ಮೇಲೆ ಚಕ್ಕಳಮಕ್ಕಳ ಕೂರುವುದನ್ನು ಬಿಡಿ. ಪೂಜೆಗೂ ಕುರ್ಚಿ ಹಾಕಿಕೊಳ್ಳಿ, ದೇವರು ಬೇಜಾರು ಮಾಡಿಕೊಳ್ಳುವುದಿಲ್ಲ. ಕುರ್ಚಿ ತಗ್ಗಾಗಿದ್ದರೆ ಕುರ್ಚಿಯ ಕಾಲುಗಳ ಕೆಳಗೆ ಗಟ್ಟಿ ಮರದ ತುಂಡು ಕೊಟ್ಟು ಏರಿಸಿ. ಕಮೋಡ್ ಮೇಲೆ ಕೂರಿಸುವ ಎತ್ತರದ ಪ್ಲಾಸ್ಟಿಕ್ ಸೀಟ್ ಸಿಗುತ್ತದೆ, ಕಡಿಮೆ ದುಡ್ಡಿಗೆ ಅದರಷ್ಟು ಉಪಕಾರ ಮಾಡುವ ವಸ್ತು ಇನ್ನೊಂದಿಲ್ಲ.

ವ್ಯಾಯಾಮ ನಿಲ್ಲಿಸಬೇಡಿ. ನೋವಾಗುತ್ತದೆ ಅಂತ ಕೂತರೆ ತೊಡೆಯ ಮುಂಭಾಗದ ಸ್ನಾಯು ಸಣ್ಣಗಾಗುತ್ತದೆ, ಮಂಡಿಯ ಭಾರವನ್ನು ಹೊರುವುದು ಅದೇ. ಕುರ್ಚಿಯಲ್ಲಿ ಕೂತು ಕಾಲನ್ನು ನೇರ ಎತ್ತಿ ಐದು ಎಣಿಸಿ ಇಳಿಸುವುದು, ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದು, ಇವೆರಡನ್ನು ದಿನಾ ಮಾಡಿದರೂ ಸಾಕಷ್ಟಾಯಿತು.

ಮಂಡಿಗಾದರೆ ಮೊದಲು ಹಚ್ಚುವ ನೋವಿನ ಜೆಲ್. ಉರಿಯೂತ ಇಳಿಸುವ ಮಾತ್ರೆಗಳನ್ನು ಕಿಡ್ನಿ, ಹೊಟ್ಟೆ ಹುಣ್ಣು, ಬಿಪಿ ಇದ್ದವರು ಕೇಳದೆ ನುಂಗಬೇಡಿ. ಕಾಯುವ ದಿನಗಳು ಉದ್ದವಾದಂತೆ ಮಾರ್ಫಿನ್ ಜಾತಿಯ ಮಾತ್ರೆಗಳಿಗೆ ಅಂಟಿಕೊಂಡವರಿದ್ದಾರೆ. ಅವು ಸವೆತದ ನೋವಿಗೆ ಹೆಚ್ಚು ಕೆಲಸ ಮಾಡುವುದಿಲ್ಲ, ತಲೆಸುತ್ತಿಸಿ ಬೀಳಿಸುತ್ತವೆ. ಕೀಲಿಗೆ ಸ್ಟಿರಾಯ್ಡ್ ಇಂಜೆಕ್ಷನ್ ತೆಗೆದುಕೊಂಡಿದ್ದರೆ ಸರ್ಜನ್ನಿಗೆ ತಾರೀಖಿನ ಸಮೇತ ಹೇಳಿ. ಇಂಜೆಕ್ಷನ್ನಾಗಿ ಮೂರು ತಿಂಗಳೊಳಗೆ ಕೃತಕ ಕೀಲು ಹಾಕಿದರೆ ಕೀವಾಗುವ ಸಂಭವ ಹೆಚ್ಚು.

ಸ್ಥಿತಿ ಕೆಟ್ಟಿದೆ ಅಂತ ಹೇಗೆ ಹೇಳಬೇಕು? "ತುಂಬಾ ನೋವು" ಅಂದರೆ ಯಾರೂ ಕೇಳುವುದಿಲ್ಲ.

ನೋವನ್ನು ಹೇಳಬೇಡಿ, ಬಿಟ್ಟುಹೋದ ಕೆಲಸಗಳನ್ನು ಹೇಳಿ. "ಮಾರ್ಚ್‌ನಲ್ಲಿ ಬಸ್ ಸ್ಟಾಪಿನ ತನಕ ನಡೆಯುತ್ತಿದ್ದೆ, ಈಗ ಗೇಟಿನ ತನಕ." "ಎರಡು ತಿಂಗಳಿಂದ ಸೋಫಾದಲ್ಲೇ ಮಲಗುತ್ತೇನೆ." "ಹೋದ ವಾರ ಎರಡು ಸಲ ಬಿದ್ದೆ." ಇಂಥ ಮಾತು ಫೈಲಿಗೆ ಹೋಗುತ್ತದೆ, ದರ್ಜೆ ಮರುಪರಿಶೀಲನೆಗೆ ಕಾರಣವಾಗುತ್ತದೆ. ನಿಮ್ಮ ಜಿಪಿ, ಅಂದರೆ ಕುಟುಂಬದ ಮಾಮೂಲಿ ಡಾಕ್ಟರ ಮೂಲಕ ಬರೆಸಿದರೆ ಇನ್ನೂ ಒಳ್ಳೆಯದು. ಮನೆಯವರು ಪಕ್ಕದಲ್ಲಿದ್ದಾಗ ಮರ್ಯಾದೆಗೆ "ಪರವಾಗಿಲ್ಲ" ಅನ್ನುವ ಅಭ್ಯಾಸ ನಮ್ಮವರಿಗೆ ಬಹಳ. ಆ ಒಂದು ಪದವನ್ನು ಫೋನ್ ಮುಗಿಯುವವರೆಗೆ ನಾಲಿಗೆಯಿಂದ ದೂರ ಇಡಿ.

ತೊಡೆಸಂದಿನಲ್ಲಿ ತಟ್ಟನೆ ಹೊಸ ನೋವು ಬಂದು ಕಾಲೂರಲು ಆಗದಿದ್ದರೆ, ಹಳೆಯ ಆಪರೇಷನ್ ಗಾಯ ಕೆಂಪಾಗಿ ಸೋರುತ್ತಿದ್ದರೆ, ಕಾಲಲ್ಲಿ ಜೀವವಿಲ್ಲದಂತಾದರೆ ಪತ್ರ ಬರೆಯುತ್ತಾ ಕೂರಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ.

ಕೋವಿಡ್ ವಾಸಿಯಾದ ಮೇಲೆ ಸೊಂಟ ನೋವು ಶುರುವಾಗಿದೆ. ಸಂಬಂಧ ಇದೆಯೇ?

ಇರಬಹುದು. ಮೊದಲು ಪದ ಸರಿಮಾಡಿಕೊಳ್ಳೋಣ. ನಮ್ಮಲ್ಲಿ ಸೊಂಟ ಅಂದರೆ ಬೆನ್ನಿನ ಕೆಳಭಾಗವೂ ಹೌದು. ಇಲ್ಲಿ ಕೇಳಬೇಕಾದದ್ದು ತೊಡೆಮೂಳೆಯ ಗುಂಡು ಕೂರುವ ಕೀಲಿನ ಬಗ್ಗೆ, ಅದರ ನೋವು ಸಾಮಾನ್ಯವಾಗಿ ತೊಡೆಸಂದಿನಲ್ಲಿ ಕಾಣಿಸುತ್ತದೆ. ಕೋವಿಡ್‌ಗೆ ಜೀವ ಉಳಿಸಿದ ಸ್ಟಿರಾಯ್ಡ್‌ಗಳೇ ಕೆಲವರಲ್ಲಿ ಆ ಗುಂಡಿಗೆ ರಕ್ತ ಹೋಗದಂತೆ ಮಾಡುತ್ತವೆ. 2021ರಲ್ಲಿ ಮುಂಬೈಯ ವೈದ್ಯರು ಇಂಥ ಪ್ರಕರಣಗಳನ್ನು ವರದಿ ಮಾಡಿದರು. ಎಕ್ಸ್‌ರೇಯಲ್ಲಿ ಬೇಗ ಕಾಣುವುದಿಲ್ಲ, ಎಂಆರ್‌ಐ ಬೇಕು. ಗುಂಡು ಕುಸಿಯುವ ಮೊದಲೇ ಸಿಕ್ಕರೆ ಕೀಲು ಉಳಿಸಿಕೊಳ್ಳುವ ಅವಕಾಶ ಉಂಟು.

ಕರ್ನಾಟಕದಲ್ಲಿ ಸರದಿ ಹೇಗೆ ನಡೆಯಿತು?

2020ರ ಮಾರ್ಚ್ 20ರಂದು ಕೇಂದ್ರ ಆರೋಗ್ಯ ಸಚಿವಾಲಯ ಅಗತ್ಯವಲ್ಲದ ಆಪರೇಷನ್‌ಗಳನ್ನು ಮುಂದೂಡಲು ಹೇಳಿತು. ದೇಶದ ಮೊದಲ ಕೋವಿಡ್ ಸಾವು ಕಲಬುರಗಿಯಲ್ಲಿ ಆಗಿ ಆಗಿನ್ನೂ ಹತ್ತು ದಿನ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯನ್ನು ಕೋವಿಡ್‌ಗೇ ಮೀಸಲಿಟ್ಟರು. 2021ರ ಏಪ್ರಿಲ್, ಮೇ ತಿಂಗಳಲ್ಲಂತೂ ಹಾಸಿಗೆಗೆ, ಆಮ್ಲಜನಕಕ್ಕೆ ಜನ ಅಲೆದರು. ಚಾಮರಾಜನಗರದ ದುರಂತ ನಡೆದದ್ದು ಆಗಲೇ. ಆ ಹೊತ್ತಿನಲ್ಲಿ ಮಂಡಿಯ ಮಾತೆತ್ತಲು ಜನರಿಗೇ ಸಂಕೋಚವಾಗುತ್ತಿತ್ತು.

ಪಿ 1, ಪಿ 2 ಅನ್ನುವಂಥ ಒಂದೇ ಪಟ್ಟಿ ಅಲ್ಲಿ ಇರಲಿಲ್ಲ. ಆಯಾ ಆಸ್ಪತ್ರೆ, ಆಯಾ ಡಾಕ್ಟರು, ಮತ್ತೆ ಕುಟುಂಬದ ಜೇಬು. ಮಂಡಿಗೆ ಹಾಕುವ ಕೀಲಿನ ಬೆಲೆಗೆ ಕೇಂದ್ರ 2017ರ ಆಗಸ್ಟ್‌ನಲ್ಲೇ ಮಿತಿ ಹಾಕಿತ್ತು. ಸಾಮಾನ್ಯವಾಗಿ ಬಳಸುವ ಕೋಬಾಲ್ಟ್ ಕ್ರೋಮಿಯಂ ಕೀಲಿಗೆ ಜಿಎಸ್‌ಟಿ ಬಿಟ್ಟು 54,720 ರೂಪಾಯಿ ಅಂತ. ಆದರೆ ಅದು ಕೀಲಿನ ಬೆಲೆ, ಆಸ್ಪತ್ರೆಯ ಒಟ್ಟು ಬಿಲ್ ಅಲ್ಲ. ಇಂಗ್ಲೆಂಡಿನಲ್ಲಿ ಸರದಿ ಕಣ್ಣಿಗೆ ಕಾಣುತ್ತದೆ, ಎಷ್ಟು ಜನ ಎಷ್ಟು ದಿನದಿಂದ ಕಾಯುತ್ತಿದ್ದಾರೆ ಅಂತ ಪ್ರತಿ ತಿಂಗಳು ಅಂಕಿ ಬರುತ್ತದೆ, ಬೈಯಲು ಅನುಕೂಲ. ಎಲ್ಲ ಬಗೆಯ ಚಿಕಿತ್ಸೆಗಳೂ ಸೇರಿ ಒಂದು ವರ್ಷಕ್ಕಿಂತ ಹೆಚ್ಚು ಕಾದವರು ಇಲ್ಲಿ 2020ರ ಫೆಬ್ರವರಿಯಲ್ಲಿ 1,613 ಜನ, 2021ರ ಮಾರ್ಚ್‌ನಲ್ಲಿ 4,36,127 ಜನ. ದುಡ್ಡಿಲ್ಲದೆ ಮನೆಯಲ್ಲೇ ಕಾಲು ಎಳೆದುಕೊಂಡು ಓಡಾಡುವವರು ಊರಲ್ಲಿ ಯಾವ ಪಟ್ಟಿಯಲ್ಲೂ ಇರುವುದಿಲ್ಲ.

ಇಲ್ಲಿ ಕಾಯುವ ಬದಲು ಬೆಂಗಳೂರಿಗೆ ಹೋಗಿ ಮಾಡಿಸಿಕೊಂಡು ಬರಬಹುದೇ?

ಕೆಲವರು ಹೋದರು, ವಿಮಾನ ಸಿಕ್ಕಾಗ. ಚೆನ್ನಾಗಿ ಆಗಿಯೂ ಬಂದರು. ಎರಡು ಮಾತು ನೆನಪಿಡಿ. ಆಪರೇಷನ್ ಆದಮೇಲೆ ಕಾಲಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಭಯವಿರುವುದರಿಂದ ಸುಮಾರು ಮೂರು ತಿಂಗಳು ದೂರದ ವಿಮಾನ ಬೇಡ ಅನ್ನುವುದು ಸಾಮಾನ್ಯ ಸಲಹೆ, ಅಷ್ಟು ದಿನ ಇರುವ ಏರ್ಪಾಡು ಬೇಕು. ಯಾವ ಕಂಪನಿಯ, ಯಾವ ಅಳತೆಯ ಕೀಲು ಹಾಕಿದರು ಅನ್ನುವ ಚೀಟಿಯನ್ನು ಪಾಸ್‌ಪೋರ್ಟಿನ ಜೊತೆಗೆ ಇಟ್ಟುಕೊಳ್ಳಿ. ಹದಿನೈದು ವರ್ಷದ ಮೇಲೆ ಅದನ್ನು ಬದಲಿಸುವ ಸರ್ಜನ್ನಿಗೆ ಬೇಕಾಗುವುದು ಆ ಚೀಟಿ.

ಮುಂದೆ ಇಂಥದ್ದೇ ಬಂದರೆ ಮತ್ತೆ ಎಲ್ಲ ನಿಲ್ಲುತ್ತದೆಯೇ?

ಪೂರ್ತಿ ನಿಲ್ಲದಿರಲಿ ಅಂತಲೇ ತುರ್ತು ವಿಭಾಗದಿಂದ ಬೇರೆಯಾದ, ಹಾಸಿಗೆಗಳನ್ನು ಬೇರೆಯವರು ಕಿತ್ತುಕೊಳ್ಳಲಾಗದ ಆಪರೇಷನ್ ಕೇಂದ್ರಗಳನ್ನು ಹೆಚ್ಚಿಸಿದ್ದಾರೆ. ಎಕ್ಸೆಟರ್ ಊರಿನಲ್ಲಿ ಕೋವಿಡ್‌ಗೆಂದು ಎಬ್ಬಿಸಿದ ನೈಟಿಂಗೇಲ್ ಆಸ್ಪತ್ರೆ 2022ರಲ್ಲಿ ಕೀಲು ಬದಲಾವಣೆಯ ಕೇಂದ್ರವಾಯಿತು. ಬೆಳಿಗ್ಗೆ ಬಂದು ಹೊಸ ಕೀಲು ಹಾಕಿಸಿಕೊಂಡು ಅವತ್ತೇ ಮನೆಗೆ ಹೋಗುವವರಿದ್ದಾರೆ. 1970ರಲ್ಲಿ ಮೊದಲು ಹಾಕಿದ, ಈಗ ಜಗತ್ತಿನ ಅನೇಕ ಕಡೆ ಬಳಕೆಯಲ್ಲಿರುವ ಎಕ್ಸೆಟರ್ ಸೊಂಟದ ಕೀಲು ಹುಟ್ಟಿದ ಊರೂ ಅದೇ.

ಮನೆ ಬದಲಾಯಿಸಿದ್ದೇವೆ, ಫೋನ್ ನಂಬರೂ ಬೇರೆ. ಆಸ್ಪತ್ರೆಗೆ ತಿಳಿಸಬೇಕೇ?

ಇವತ್ತೇ ತಿಳಿಸಿ. ಪತ್ರಕ್ಕೆ, ಫೋನಿಗೆ ಉತ್ತರ ಬರದವರ ಹೆಸರನ್ನು ಪಟ್ಟಿಯಿಂದ ತೆಗೆದು ಜಿಪಿಗೆ ವಾಪಸ್ ಕಳಿಸುವುದುಂಟು. ಆಸ್ಪತ್ರೆಯ ಕರೆ ನಂಬರ್ ಕಾಣದ ಹಾಗೆ ಬರುತ್ತದೆ, ಮೋಸದ ಕರೆ ಅಂತ ಕತ್ತರಿಸಬೇಡಿ. ನನ್ನ ಕರೆಯನ್ನೇ ಎಷ್ಟು ಸಲ ಕತ್ತರಿಸಿದ್ದಾರೋ ಲೆಕ್ಕ ಇಟ್ಟಿಲ್ಲ.